ಕೋಲಾರದ ಆಳದಲ್ಲಿ ವಿಶ್ವೋತ್ಪತ್ತಿಯ ಪ್ರಶ್ನೆ: ಕಣಘರ್ಷಕಕ್ಕೆ ನಿಲುಕದ ಶಕ್ತಿಗಳ ಅನ್ವೇಷಣೆ

ಪೀಠಿಕೆ

ವಿಶ್ವದ ಉಗಮವನ್ನು ಪ್ರಯೋಗದ ಮೂಲಕ ಅರಿಯುವ ಯತ್ನವೆಂದೊಡನೆ ಇಂದು ನೆನಪಿಗೆ ಬರುವುದು ಜಿನೀವಾ ಸಮೀಪದ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್. 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ಈ ಯಂತ್ರದಲ್ಲಿ 2008ರ ಸೆಪ್ಟೆಂಬರ್ 10ರಂದು ಮೊದಲ ಕಣಪುಂಜ ಸುತ್ತು ಹಾಕಿತು. ಆದರೆ ಅದಕ್ಕೂ ಬಹಳ ಹಿಂದೆಯೇ ಇದೇ ಪ್ರಶ್ನೆಯ ಒಂದು ಮುಖ್ಯ ಭಾಗವನ್ನು ಕರ್ನಾಟಕದ ನೆಲದಲ್ಲಿ ತೀರ ಭಿನ್ನವಾದ ವಿಧಾನದಿಂದ ಕೇಳಲಾಗಿತ್ತು. ಕೋಲಾರ ಚಿನ್ನದ ಗಣಿಗಳಲ್ಲಿ, ಭೂಮಟ್ಟದಿಂದ ಎರಡು ಕಿ.ಮೀ.ಗೂ ಕೆಳಗೆ, 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ನಡೆದ ಪ್ರಯೋಗಗಳಲ್ಲಿ ಯಾವ ಕಣವನ್ನೂ ವೇಗಗೊಳಿಸಲಿಲ್ಲ, ಯಾವುದನ್ನೂ ಘರ್ಷಿಸಲಿಲ್ಲ. ಅಲ್ಲಿ ನಡೆದದ್ದು ಕಾಯುವ ಕೆಲಸ.

ಈ ಎರಡು ವಿಧಾನಗಳ ಪರಸ್ಪರ ಸಂಬಂಧವನ್ನು ಸ್ಪಷ್ಟಪಡಿಸುವುದು ಹಾಗೂ ಕೋಲಾರದ ಪ್ರಯೋಗಗಳು ವಿಶ್ವೋತ್ಪತ್ತಿಯ ಚರ್ಚೆಯಲ್ಲಿ ಎಲ್ಲಿ ನಿಲ್ಲುತ್ತವೆ ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ತಲೆಮಾರು ಅಡಚಣೆಯೆಂದು ಬದಿಗೆ ಸರಿಸಿದ ಸಂಕೇತವೇ ಮುಂದಿನ ತಲೆಮಾರಿಗೆ ಶೋಧದ ವಸ್ತುವಾಯಿತೆಂಬುದು ಈ ಇತಿಹಾಸದ ಮುಖ್ಯ ಪಾಠ.

ಘರ್ಷಕದ ವ್ಯಾಪ್ತಿ ಮತ್ತು ಮಿತಿ

ಮಹಾಸ್ಫೋಟ ಸಿದ್ಧಾಂತದ ಪ್ರಕಾರ ವಿಶ್ವವು ಸುಮಾರು 1,380 ಕೋಟಿ ವರ್ಷಗಳ ಹಿಂದೆ ಅತ್ಯಂತ ಸಾಂದ್ರವೂ ಅತ್ಯಂತ ತಪ್ತವೂ ಆದ ಸ್ಥಿತಿಯಿಂದ ಹಿಗ್ಗತೊಡಗಿ, ಹಿಗ್ಗಿದಂತೆಲ್ಲ ತಣಿಯಿತು. ತಾಪವೆಂದರೆ ಕಣಗಳ ಸರಾಸರಿ ಶಕ್ತಿ. ಆದ್ದರಿಂದ ಕಾಲದಲ್ಲಿ ಹಿಂದೆ ಹೋದಂತೆ ಕಣಗಳ ಶಕ್ತಿ ಏರುತ್ತದೆ. ಘರ್ಷಕವು ಸೃಷ್ಟಿಯ ಮುಹೂರ್ತವನ್ನೇ ಮರಳಿ ತರುವುದೆಂಬ ಜನಪ್ರಿಯ ವರ್ಣನೆ ನಿಖರವಲ್ಲ. ಅದು ಮಾಡುವುದಿಷ್ಟೆ: ಆ ಕಾಲದಲ್ಲಿ ಎಲ್ಲೆಡೆ ಸಹಜವಾಗಿದ್ದ ಶಕ್ತಿಯನ್ನು ಪ್ರೋಟಾನಿಗಿಂತಲೂ ಕಿರಿದಾದ ಅವಕಾಶದಲ್ಲಿ ಕ್ಷಣಮಾತ್ರ ಕೇಂದ್ರೀಕರಿಸಿ, ಆಗ ಯಾವ ಕಣಗಳು ಹುಟ್ಟುತ್ತವೆ, ಯಾವ ನಿಯಮಗಳಿಗೆ ಒಳಪಡುತ್ತವೆ ಎಂಬುದನ್ನು ದಾಖಲಿಸುತ್ತದೆ.

2022ರಿಂದ ಸರ್ನ್ ಘರ್ಷಕದಲ್ಲಿ ಪ್ರೋಟಾನುಗಳು 13.6 ಟೆರಾ ಎಲೆಕ್ಟ್ರಾನ್ ವೋಲ್ಟ್ ಒಟ್ಟು ಶಕ್ತಿಯಲ್ಲಿ ಸಂಧಿಸಿವೆ. ಇದು ವಿಶ್ವದ ಆಯುಸ್ಸು ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗದ ಆಸುಪಾಸಿನಲ್ಲಿದ್ದಾಗಿನ ಪರಿಸ್ಥಿತಿಗೆ ಹೋಲುತ್ತದೆ. 2012ರ ಜುಲೈ 4ರಂದು ಪ್ರಕಟಿಸಲಾದ ಹಿಗ್ಸ್ ಕಣದ ಶೋಧ ಈ ಯಂತ್ರದ ಪ್ರಮುಖ ಫಲ. ಸೀಸದ ನ್ಯೂಕ್ಲಿಯಸ್‌ಗಳನ್ನು ಘರ್ಷಿಸುವ ಪ್ರಯೋಗಗಳಲ್ಲಿ, ಪ್ರೋಟಾನು ನ್ಯೂಟ್ರಾನುಗಳು ರೂಪುಗೊಳ್ಳುವುದಕ್ಕೆ ಮುಂಚಿನ ದ್ರವ್ಯಸ್ಥಿತಿಯಾದ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ ಅಧ್ಯಯನಕ್ಕೆ ದೊರೆತಿದೆ. ಈ ಕಾರ್ಯದಲ್ಲಿ ಭಾರತದ ಪಾಲು ಗಣನೀಯ. ಮೂವತ್ತು ಟನ್ನಿಗೂ ಮೀರಿದ ತೂಕದ ಅತಿವಾಹಕ ಕಾಂತಗಳನ್ನು ಮೈಕ್ರೋಮೀಟರುಗಳ ನಿಖರತೆಯಲ್ಲಿ ಹೊಂದಿಸಿ ನಿಲ್ಲಿಸುವ ಸಾವಿರಾರು ಜ್ಯಾಕ್‌ಗಳು ಬೆಂಗಳೂರು ಮತ್ತು ಇಂದೋರಿನ ಕಾರ್ಖಾನೆಗಳಲ್ಲಿ ತಯಾರಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2024ರವರೆಗೆ ಕಾರ್ಯನಿರತರಾಗಿದ್ದ ರೋಹಿಣಿ ಗೋಡ್ಬೋಲೆಯವರು ಘರ್ಷಕ ಭೌತವಿಜ್ಞಾನದ ಸೈದ್ಧಾಂತಿಕ ಅಧ್ಯಯನದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದಿದ್ದರು. 2017ರಲ್ಲಿ ಭಾರತವು ಸರ್ನ್‌ನ ಸಹಸದಸ್ಯ ರಾಷ್ಟ್ರವಾಯಿತು.

ಹೀಗಿದ್ದರೂ ಘರ್ಷಕಕ್ಕೆ ಒಂದು ಮಿತಿಯುಂಟು. ವಿದ್ಯುತ್ಕಾಂತ, ದುರ್ಬಲ ಮತ್ತು ಪ್ರಬಲ ಎಂಬ ಮೂರು ಬಲಗಳು ಒಂದೇ ಬಲದ ರೂಪಗಳೆಂದು ಭಾವಿಸುವ ಮಹಾ ಏಕೀಕರಣ ಸಿದ್ಧಾಂತಗಳ ಪ್ರಕಾರ ಆ ಏಕತೆ ಗೋಚರವಾಗಬೇಕಾದರೆ ಸುಮಾರು 10¹⁵ ಗಿಗಾ ಎಲೆಕ್ಟ್ರಾನ್ ವೋಲ್ಟ್ ಅಥವಾ ಅದಕ್ಕೂ ಮಿಗಿಲಾದ ಶಕ್ತಿ ಬೇಕು. ಸರ್ನ್ ಯಂತ್ರದ ಶಕ್ತಿಗಿಂತ ಇದು ಏಳು ಸಾವಿರ ಕೋಟಿ ಪಟ್ಟು ಅಧಿಕ. ಈಗಿನ ಕಾಂತಗಳನ್ನೇ ಬಳಸಿ ಅಂಥ ಯಂತ್ರವನ್ನು ಕಟ್ಟುವುದಾದರೆ ಅದರ ವೃತ್ತ ನೆಪ್ಚೂನ್ ಗ್ರಹದ ಕಕ್ಷೆಗಿಂತ ಹತ್ತಾರು ಪಟ್ಟು ಹಿರಿದಾಗುತ್ತದೆ. ಯಂತ್ರದಿಂದ ಎಂದೂ ತಲುಪಲಾಗದ ಆ ಶಕ್ತಿಯ ಕುರುಹನ್ನು ಬೇರೆಲ್ಲಿ ಹುಡುಕಬೇಕು ಎಂಬುದೇ ಮುಂದಿನ ಪ್ರಶ್ನೆ.

ದ್ರವ್ಯದ ಹೆಚ್ಚಳ ಮತ್ತು ಪ್ರೋಟಾನಿನ ಆಯುಸ್ಸು

ಪ್ರತಿಯೊಂದು ಕಣಕ್ಕೂ ಒಂದು ಪ್ರತಿಕಣವಿದೆ. ಎರಡೂ ಸಂಧಿಸಿದರೆ ಲಯವಾಗಿ ವಿಕಿರಣವಾಗುತ್ತವೆ. ಪ್ರಯೋಗಶಾಲೆಯಲ್ಲಿ ಶಕ್ತಿಯಿಂದ ಕಣಗಳನ್ನು ಹುಟ್ಟಿಸಿದಾಗಲೆಲ್ಲ ದ್ರವ್ಯ ಮತ್ತು ಪ್ರತಿದ್ರವ್ಯ ಜೊತೆಜೊತೆಯಾಗಿಯೇ ಹುಟ್ಟುತ್ತವೆ. ಆದಿವಿಶ್ವದಲ್ಲಿಯೂ ಹೀಗೆಯೇ ಆಗಿದ್ದರೆ ಎಲ್ಲವೂ ಲಯವಾಗಿ ಬೆಳಕಷ್ಟೇ ಉಳಿಯಬೇಕಿತ್ತು. ಆದರೆ ನಕ್ಷತ್ರಗಳು, ಭೂಮಿ, ಮನುಷ್ಯ ಎಲ್ಲವೂ ದ್ರವ್ಯದಿಂದಾಗಿವೆ. ವಿಶ್ವದಲ್ಲಿರುವ ಬೆಳಕಿನ ಕಣಗಳ ಮತ್ತು ದ್ರವ್ಯಕಣಗಳ ಅನುಪಾತದಿಂದ ತಿಳಿದುಬರುವಂತೆ, ಆದಿಯಲ್ಲಿ ಪ್ರತಿ ನೂರು ಕೋಟಿ ಪ್ರತಿಕಣಗಳಿಗೆ ನೂರು ಕೋಟಿಯ ಮೇಲೊಂದರಷ್ಟು ಕಣಗಳು ಇದ್ದಿರಬೇಕು. ಉಳಿದವೆಲ್ಲ ಲಯವಾಗಿ, ಆ ಒಂದರ ಹೆಚ್ಚಳವೇ ಇಂದಿನ ಜಗತ್ತಾಯಿತು.

ಈ ಹೆಚ್ಚಳಕ್ಕೆ ಅವಶ್ಯವಾದ ಮೂರು ಷರತ್ತುಗಳನ್ನು ರಷ್ಯದ ಆಂದ್ರೆ ಸಖರೋವ್ 1967ರಲ್ಲಿ ಮಂಡಿಸಿದರು. ಪ್ರೋಟಾನು ನ್ಯೂಟ್ರಾನುಗಳ ವರ್ಗಕ್ಕೆ ಸೇರಿದ ಕಣಗಳ ನಿವ್ವಳ ಸಂಖ್ಯೆ, ಅಂದರೆ ಬೇರಿಯಾನ್ ಸಂಖ್ಯೆ, ಬದಲಾಗುವ ಕ್ರಿಯೆಯೊಂದು ಇರಬೇಕು. ದ್ರವ್ಯ ಪ್ರತಿದ್ರವ್ಯಗಳ ವರ್ತನೆಯಲ್ಲಿ ಭೇದವಿರಬೇಕು. ಈ ಕ್ರಿಯೆಗಳು ಸಮತೋಲ ತಪ್ಪಿದ ಸ್ಥಿತಿಯಲ್ಲಿ ನಡೆಯಬೇಕು. ಎರಡನೆಯ ಷರತ್ತನ್ನು ವೇಗವರ್ಧಕಗಳಲ್ಲಿ ಪರೀಕ್ಷಿಸಲು ಸಾಧ್ಯ. 1964ರಲ್ಲಿ ಕೇಯಾನ್ ಕಣಗಳಲ್ಲಿ ಕಂಡ ಈ ಭೇದವನ್ನು ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗವು 2025ರಲ್ಲಿ ಬೇರಿಯಾನುಗಳಲ್ಲಿಯೂ ಮೊದಲ ಬಾರಿಗೆ ಗುರುತಿಸಿತು. ಆದರೆ ಈವರೆಗೆ ಅಳೆದಿರುವ ಭೇದ ಜಗತ್ತಿನ ದ್ರವ್ಯವನ್ನೆಲ್ಲ ವಿವರಿಸಲು ಸಾಲದು.

ಮೊದಲನೆಯ ಷರತ್ತು ಇನ್ನೂ ಗಹನವಾದುದು. ಬೇರಿಯಾನ್ ಸಂಖ್ಯೆ ಬದಲಾಗಬಲ್ಲುದಾದರೆ ದ್ರವ್ಯವನ್ನು ಹುಟ್ಟಿಸಿದ ಬಗೆಯ ಕ್ರಿಯೆಯೇ ಎಂದಾದರೊಂದು ದಿನ ಅದನ್ನು ಅಳಿಸಲೂಬಹುದು, ಪ್ರೋಟಾನು ಶಾಶ್ವತವಲ್ಲ. ಜೋಗೇಶ್ ಪತಿ ಹಾಗೂ ಅಬ್ದುಸ್ ಸಲಾಂ ಅವರು 1973-74ರಲ್ಲಿಯೂ, ಹೊವರ್ಡ್ ಜಾರ್ಜಿ ಹಾಗೂ ಶೆಲ್ಡನ್ ಗ್ಲಾಶೋ ಅವರು 1974ರಲ್ಲಿಯೂ ಮಂಡಿಸಿದ ಸಿದ್ಧಾಂತಗಳು ಪ್ರೋಟಾನಿನ ಕ್ಷಯವನ್ನು ನಿರೀಕ್ಷಿಸಿದವು. ಅದರ ಸರಾಸರಿ ಆಯುಸ್ಸು 10³¹ ವರ್ಷಗಳ ಸುತ್ತಮುತ್ತ ಇರಬಹುದೆಂದು 1970ರ ದಶಕದ ಕೊನೆಗೆ ಲೆಕ್ಕ ಹಾಕಲಾಗಿತ್ತು. ವಿಶ್ವದ ವಯಸ್ಸು 10¹⁰ ವರ್ಷಗಳಿಗಿಂತ ಕೊಂಚ ಹೆಚ್ಚು. ಒಂದು ಪ್ರೋಟಾನನ್ನು 10³¹ ವರ್ಷ ಕಾಯುವುದು ಅಸಾಧ್ಯ. ಆದರೆ 10³¹ ಪ್ರೋಟಾನುಗಳನ್ನು ಒಂದು ವರ್ಷ ಕಾಯಬಹುದು. ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನು ನ್ಯೂಟ್ರಾನುಗಳು ಒಟ್ಟು 6×10²⁹ರಷ್ಟಿವೆ. ನೂರಾರು ಟನ್ ಕಬ್ಬಿಣ, ಅದರೊಳಗಿನ ಒಂದೇ ಒಂದು ಕ್ಷಯವನ್ನೂ ಗುರುತಿಸಬಲ್ಲ ಉಪಕರಣ, ಮತ್ತು ನಿಶ್ಶಬ್ದವಾದ ಒಂದು ಸ್ಥಳ ಬೇಕಾಗಿದ್ದವು. ಆ ಸ್ಥಳ ಕೋಲಾರದಲ್ಲಿತ್ತು.

ಬರಿದಾದ ಎಣಿಕೆಯ ಪಾಠ

ನಿಶ್ಶಬ್ದವೆಂಬ ಮಾತಿನ ಅರ್ಥವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯುಯಾನ್ ಕಣಗಳು ನೆಲದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನಿಮಿಷಕ್ಕೊಂದರಂತೆ ಬೀಳುತ್ತವೆ. ಬೆಂಗಳೂರಿನ ನಂದಿನಿ ಲೇಔಟ್‌ನ ಯಾವುದೇ ಮನೆಯ ತಾರಸಿಯ ಮೇಲೆ ಚಾಚಿದ ಅಂಗೈಯ ಮೂಲಕ ನಿಮಿಷವೊಂದಕ್ಕೆ ನೂರರಷ್ಟು ಮ್ಯುಯಾನುಗಳು ಹಾದುಹೋಗುತ್ತವೆ. ಅಲ್ಲಿಂದ ಪೂರ್ವಕ್ಕೆ ನೂರು ಕಿ.ಮೀ. ಆಸುಪಾಸಿನಲ್ಲಿರುವ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಆಳಕ್ಕೆ ಇಳಿದರೆ ಅದೇ ಅಂಗೈ ಒಂದು ಮ್ಯುಯಾನಿಗಾಗಿ ವರ್ಷಗಟ್ಟಲೆ ಕಾಯಬೇಕು. ಮೇಲಿನ ಬಂಡೆಯೆಲ್ಲ ಜರಡಿಯಂತೆ ಕಣಗಳನ್ನು ತಡೆದಿರುತ್ತದೆ.

ಈ ಗಣಿಗಳನ್ನು ಪ್ರಯೋಗಕ್ಕೆ ಬಳಸುವ ಆಲೋಚನೆ ಹೋಮಿ ಭಾಭಾ ಅವರದು. ಭಾಭಾ ಅವರ ವಿಶ್ವಕಿರಣ ಸಂಶೋಧನೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿತ್ತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕೆಲಸ ಆರಂಭಿಸಿದ್ದೂ ಬೆಂಗಳೂರಿನಲ್ಲಿಯೇ. ಅದೇ ವರ್ಷ ಅದು ಮುಂಬಯಿಗೆ ಸ್ಥಳಾಂತರಗೊಂಡಿತು. 1950ರ ದಶಕದ ಆರಂಭದಲ್ಲಿ ಭಾಭಾ ಅವರ ಸೂಚನೆಯಂತೆ ಕೋಲಾರದಲ್ಲಿ ಮ್ಯುಯಾನುಗಳ ಅಳತೆಯನ್ನು ಕೈಗೊಂಡವರು ಮೈಸೂರು ಸೀಮೆಯವರಾದ ಬಿ.ವಿ. ಶ್ರೀಕಂಠನ್. ಶ್ರೀಕಂಠನ್ ಮುಂದೆ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು.

1960ರ ದಶಕದ ಆರಂಭದಲ್ಲಿ ಈ ಅಳತೆಗಳನ್ನು ಗಣಿಯ ಇನ್ನೂ ಆಳವಾದ ಮಟ್ಟಗಳಿಗೆ ವಿಸ್ತರಿಸಲಾಯಿತು. ಆಳ ಹೆಚ್ಚಿದಂತೆ ಎಣಿಕೆ ಇಳಿಯುತ್ತ ಹೋಯಿತು. ಅತ್ಯಂತ ಆಳದ ಮಟ್ಟದಲ್ಲಿ ಉಪಕರಣ ಎರಡು ತಿಂಗಳ ಕಾಲ ನಡೆದರೂ ಒಂದು ಮ್ಯುಯಾನೂ ದಾಖಲಾಗಲಿಲ್ಲ. ಮೇಲುನೋಟಕ್ಕೆ ಇದು ವ್ಯರ್ಥ ಶ್ರಮ. ಆದರೆ ಪ್ರಯೋಗಕಾರರು ಈ ಸೊನ್ನೆಯನ್ನು ಬೇರೊಂದು ಬಗೆಯಲ್ಲಿ ಓದಿದರು: ಮ್ಯುಯಾನೂ ತಲುಪದ ಎಡೆಯಲ್ಲಿ ಏನಾದರೂ ಕಂಡುಬಂದರೆ ಅದನ್ನು ತಂದದ್ದು ಬಂಡೆಗೆ ಜಗ್ಗದ ಕಣವೇ ಆಗಿರಬೇಕು. ಅಂಥ ಕಣ ನ್ಯೂಟ್ರಿನೊ.

1965ರ ಶೋಧ

ವಿಶ್ವಕಿರಣಗಳು ವಾಯುಮಂಡಲದಲ್ಲಿ ನ್ಯೂಟ್ರಿನೊಗಳನ್ನೂ ಹುಟ್ಟಿಸುತ್ತವೆ. ವಿದ್ಯುದಂಶವಿಲ್ಲದ, ದ್ರವ್ಯದೊಡನೆ ಅತ್ಯಂತ ವಿರಳವಾಗಿ ವರ್ತಿಸುವ ಈ ಕಣಗಳು ಭೂಗೋಳವನ್ನೇ ಭೇದಿಸಿ ಸಾಗುತ್ತವೆ. ಎಲ್ಲೋ ಒಂದು ಬಂಡೆಯ ನ್ಯೂಕ್ಲಿಯಸ್‌ಗೆ ತಾಗಿ ಮ್ಯುಯಾನನ್ನು ಹೊರಡಿಸುತ್ತದೆ. ಮೇಲಿಂದ ತೂರಿ ಬರುವ ಮ್ಯುಯಾನುಗಳು ಬಹುತೇಕ ಲಂಬವಾಗಿರುತ್ತವೆ. ಅಡ್ಡಡ್ಡಲಾಗಿ ಸಾಗುವ ಮ್ಯುಯಾನು ಅಷ್ಟು ಬಂಡೆಯನ್ನು ದಾಟಿ ಬಂದಿರಲು ಸಾಧ್ಯವಿಲ್ಲ. ಅದು ಹತ್ತಿರದಲ್ಲೇ ನ್ಯೂಟ್ರಿನೊವಿನಿಂದ ಹುಟ್ಟಿರಬೇಕು. ಉಪಕರಣದ ವಿನ್ಯಾಸ ಈ ತರ್ಕವನ್ನು ಅನುಸರಿಸಿತು. ಮಿನುಗುಕಾರಿ ಪ್ಲಾಸ್ಟಿಕ್ ಫಲಕಗಳ ಎರಡು ಲಂಬ ಗೋಡೆಗಳು, ಅವುಗಳ ನಡುವೆ ಕಣದ ಜಾಡನ್ನು ತೋರುವ ನಿಯಾನ್ ಕೊಳವೆಗಳ ಸಾಲುಗಳು ಮತ್ತು ಸೀಸದ ಪದರಗಳು.

ಟಾಟಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳು ಜೊತೆಗೂಡಿ ನಡೆಸಿದ ಈ ಪ್ರಯೋಗದ ತಂಡದಲ್ಲಿ ಮಂಗಳೂರಿನಲ್ಲಿ ಜನಿಸಿದ ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಸಿ.ವಿ. ಆಚಾರ್, ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ, ಎಸ್. ಮಿಯಾಕೆ, ಎ.ಡಬ್ಲ್ಯು. ವುಲ್ಫೆಂಡೇಲ್ ಮೊದಲಾದವರಿದ್ದರು. ವಾಯುಮಂಡಲದ ನ್ಯೂಟ್ರಿನೊಗಳು ಪತ್ತೆಯಾದ ವಾರ್ತೆಯನ್ನು ತಂಡ 1965ರ ಆಗಸ್ಟ್ ತಿಂಗಳಲ್ಲಿ ಪ್ರಕಟಿಸಿತು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡ ಇದೇ ಹುಡುಕಾಟದಲ್ಲಿತ್ತು. ಮೊದಲ ಘಟನೆ ಅಲ್ಲಿ 1965ರ ಫೆಬ್ರವರಿಯಲ್ಲಿಯೇ ದಾಖಲಾಗಿತ್ತು. ಮುದ್ರಣದಲ್ಲಿ ಕೋಲಾರದ ಪ್ರಬಂಧ ಸುಮಾರು ಎರಡು ವಾರ ಮುಂದಾಯಿತು. ಎರಡೂ ತಂಡಗಳಿಗೆ ಶ್ರೇಯಸ್ಸು ಸಮಾನವಾಗಿ ಸಲ್ಲುವುದು ನ್ಯಾಯ.

ಮುಂದಿನ ವರ್ಷಗಳಲ್ಲಿ ಕೋಲಾರದಲ್ಲಿ ಕೆಲವು ವಿಚಿತ್ರ ಘಟನೆಗಳೂ ಕಂಡುಬಂದವು. ಒಂದೇ ಬಿಂದುವಿನಿಂದ ಹೊರಟ ಹಲವು ಜಾಡುಗಳು, ಆ ಬಿಂದುವಾದರೋ ಬಂಡೆಯಲ್ಲಿರದೆ ಗಾಳಿಯಲ್ಲಿರುವಂತೆ ತೋರುತ್ತಿತ್ತು. ಅಪರಿಚಿತ ಭಾರವಾದ ಕಣವೊಂದರ ಕ್ಷಯವಿರಬಹುದೆಂಬ ಊಹೆಯೊಡನೆ 1975ರಲ್ಲಿ ಪ್ರಕಟವಾದ ಇವು ‘ಕೋಲಾರ ಘಟನೆಗಳು’ ಎಂದು ಹೆಸರಾದವು. ವೇಗವರ್ಧಕಗಳ ನ್ಯೂಟ್ರಿನೊ ಪುಂಜಗಳಲ್ಲಿ ನಡೆಸಿದ ಹುಡುಕಾಟದಲ್ಲಿ ಅಂಥ ಕಣ ದೊರೆಯಲಿಲ್ಲ. ಗಣಿ ಮತ್ತು ಯಂತ್ರ ಪರಸ್ಪರ ಪರೀಕ್ಷಕರಾಗಿ ನಿಂತ ನಿದರ್ಶನವಿದು.

140 ಟನ್ ಕಬ್ಬಿಣದ ಕಾವಲು

1980ರ ಕೊನೆಯ ಭಾಗದಲ್ಲಿ ಅದೇ 2.3 ಕಿ.ಮೀ. ಆಳದಲ್ಲಿ ಪ್ರೋಟಾನ್ ಕ್ಷಯದ ಪ್ರಯೋಗ ಆರಂಭವಾಯಿತು. ಪ್ರೋಟಾನ್ ಕ್ಷಯಕ್ಕೆಂದೇ ರಚಿತವಾದ ದೊಡ್ಡ ಉಪಕರಣಗಳಲ್ಲಿ ಕೆಲಸ ಆರಂಭಿಸಿದ ಮೊದಲನೆಯದು ಇದು. ಕಬ್ಬಿಣದ ತಟ್ಟೆಗಳ ನಡುವೆ ಅನಿಲ ತುಂಬಿದ ಪ್ರಪೋರ್ಷನಲ್ ಕೌಂಟರುಗಳನ್ನು 34 ಪದರಗಳಲ್ಲಿ, ಪದರದಿಂದ ಪದರಕ್ಕೆ ಅಡ್ಡಡ್ಡವಾಗಿ ಜೋಡಿಸಲಾಗಿತ್ತು. ಒಟ್ಟು ತೂಕ 140 ಟನ್. ಅದರಲ್ಲಿ ಪ್ರೋಟಾನು ನ್ಯೂಟ್ರಾನುಗಳು 8×10³¹ಕ್ಕೂ ಮಿಕ್ಕಿದ್ದವು. ಆಯುಸ್ಸು 10³¹ ವರ್ಷವಾಗಿದ್ದರೆ ವರ್ಷಕ್ಕೆ ಎಂಟರಷ್ಟು ಕ್ಷಯಗಳು ಸಂಭವಿಸಬೇಕು. ಅವುಗಳಲ್ಲಿ ಒಂದು ಭಾಗ ಮಾತ್ರ ಉಪಕರಣದೊಳಗೇ ಪೂರ್ಣವಾಗಿ ಮುಗಿದು ಗುರುತಿಗೆ ಸಿಗುತ್ತದೆ.

ಇಲ್ಲಿ ಇತಿಹಾಸ ಒಂದು ಸುತ್ತು ತಿರುಗಿತು. 1965ರಲ್ಲಿ ಶೋಧದ ವಸ್ತುವಾಗಿದ್ದ ನ್ಯೂಟ್ರಿನೊ ಈಗ ಅಡಚಣೆಯಾಯಿತು. ಕಬ್ಬಿಣದೊಳಗೆ ನ್ಯೂಟ್ರಿನೊ ತಾಗಿದಾಗ ಹೊರಡುವ ಜಾಡುಗಳು ಕೆಲವೊಮ್ಮೆ ಪ್ರೋಟಾನಿನ ಕ್ಷಯವನ್ನೇ ಹೋಲುತ್ತವೆ. ಎಷ್ಟು ಆಳಕ್ಕಿಳಿದರೂ ಅವುಗಳಿಂದ ಬಿಡುಗಡೆಯಿಲ್ಲ. ಎರಡನ್ನೂ ಬೇರ್ಪಡಿಸಲು ಜಾಡಿನ ಉದ್ದ, ಕೋನ ಮತ್ತು ಒಟ್ಟು ಶಕ್ತಿಗಳ ಲೆಕ್ಕವಷ್ಟೇ ಆಧಾರ.

1981ರಲ್ಲಿ ಕೋಲಾರದ ತಂಡ ನ್ಯೂಕ್ಲಿಯಾನ್ ಕ್ಷಯದ ‘ಸಂಭಾವ್ಯ’ ಘಟನೆಗಳನ್ನು ಪ್ರಕಟಿಸಿತು. ಪ್ರಬಂಧದ ಶೀರ್ಷಿಕೆಯಲ್ಲಿಯೇ ಈ ಎಚ್ಚರಿಕೆಯ ಪದವಿತ್ತು. ಮರುವರ್ಷ, ಉಪಕರಣದೊಳಗೇ ಪೂರ್ತಿಯಾಗಿ ಅಡಗಿದ ಘಟನೆಗಳ ವರದಿ ಬಂದಿತು. ಅವು ನಿಜವಾದ ಕ್ಷಯಗಳಾಗಿದ್ದರೆ ಆಯುಸ್ಸು 10³¹ ವರ್ಷಗಳ ಆಸುಪಾಸಿನಲ್ಲಿರುತ್ತಿತ್ತು. ದ್ರವ್ಯದ ಉಗಮಕ್ಕೆ ಬೇಕಾದ ಮೊದಲ ಷರತ್ತಿಗೆ ಸಾಕ್ಷಿ ದೊರೆತಂತಾಗುತ್ತಿತ್ತು. ಆದರೆ ಅಮೆರಿಕದ ಓಹಿಯೊ ರಾಜ್ಯದ ಉಪ್ಪಿನ ಗಣಿಯಲ್ಲಿ 8,000 ಟನ್ ನೀರಿನ ಐಎಂಬಿ ಉಪಕರಣ, ಜಪಾನಿನ ಕಮಿಯೊಕ ಗಣಿಯಲ್ಲಿ 3,000 ಟನ್ ನೀರಿನ ಕಮಿಯೊಕಾಂಡೆ, ಫ್ರಾನ್ಸ್ ಇಟಲಿಗಳ ಗಡಿಯ ಫ್ರೇಜುಸ್ ಸುರಂಗದಲ್ಲಿ ಸುಮಾರು 900 ಟನ್ ಕಬ್ಬಿಣದ ಉಪಕರಣ ಇವುಗಳಲ್ಲಿ ಯಾವುದೂ ಕ್ಷಯವನ್ನು ಕಾಣಲಿಲ್ಲ. ಕೋಲಾರದಲ್ಲಿ 260 ಟನ್ನಿನ ಎರಡನೆಯ ಉಪಕರಣವೂ ಸ್ಥಾಪನೆಗೊಂಡು ಅಳತೆ ಮುಂದುವರಿಯಿತು. ಕಮಿಯೊಕದ ಉತ್ತರಾಧಿಕಾರಿಯಾದ, 50,000 ಟನ್ ನೀರಿನ ಸೂಪರ್-ಕಮಿಯೊಕಾಂಡೆ 1996ರಿಂದ ನಡೆಸಿದ ಕಾವಲಿನ ಫಲವಾಗಿ, ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವ ಮಾರ್ಗದಲ್ಲಿ ಪ್ರೋಟಾನಿನ ಆಯುಸ್ಸು 10³⁴ ವರ್ಷಗಳಿಗೂ ಅಧಿಕವೆಂದು ಸ್ಥಿರಪಟ್ಟಿದೆ. ಕೋಲಾರದ ಘಟನೆಗಳನ್ನು ಪ್ರೋಟಾನ್ ಕ್ಷಯವೆಂದು ಇಂದು ಪರಿಗಣಿಸುವುದಿಲ್ಲ. ಅತ್ಯಂತ ಸರಳವಾದ ಮಹಾ ಏಕೀಕರಣ ಸಿದ್ಧಾಂತವೂ ಇದೇ ಕಾವಲಿನಿಂದ ಬಿದ್ದುಹೋಯಿತು.

ಅಡಚಣೆಯೇ ಸಂಕೇತವಾದ ಬಗೆ

ಕಾಯುವಿಕೆ ಅಲ್ಲಿಗೆ ನಿಷ್ಫಲವಾಗಲಿಲ್ಲ. 1987ರ ಫೆಬ್ರವರಿಯಲ್ಲಿ ಸಿಡಿದ ಸೂಪರ್‌ನೋವಾದ ನ್ಯೂಟ್ರಿನೊಗಳನ್ನು ಹಿಡಿದ ಉಪಕರಣಗಳಲ್ಲಿ ಕಮಿಯೊಕಾಂಡೆ ಮತ್ತು ಐಎಂಬಿ ಪ್ರಮುಖವಾಗಿದ್ದವು. ಎರಡೂ ಪ್ರೋಟಾನ್ ಕ್ಷಯಕ್ಕಾಗಿ ಕಟ್ಟಿದಂಥವು. ಕ್ಷಯದ ಹುಡುಕಾಟದಲ್ಲಿ ಅಡಚಣೆಯಾಗಿದ್ದ ವಾಯುಮಂಡಲದ ನ್ಯೂಟ್ರಿನೊಗಳನ್ನು ನಿಖರವಾಗಿ ಎಣಿಸಿದಾಗ, ಭೂಮಿಯ ಆಚೆ ಬದಿಯಿಂದ ಬರುವ ಮ್ಯುಯಾನ್-ನ್ಯೂಟ್ರಿನೊಗಳು ನಿರೀಕ್ಷೆಗಿಂತ ಕಡಮೆಯೆಂದು ಸೂಪರ್-ಕಮಿಯೊಕಾಂಡೆ 1998ರಲ್ಲಿ ತೋರಿಸಿತು. ದಾರಿಯಲ್ಲಿ ಅವು ಬೇರೆ ಬಗೆಯ ನ್ಯೂಟ್ರಿನೊಗಳಾಗಿ ಮಾರ್ಪಡುತ್ತವೆ. ಹಾಗೆ ಮಾರ್ಪಡಬೇಕಾದರೆ ಅವುಗಳಿಗೆ ದ್ರವ್ಯರಾಶಿ ಇರಲೇಬೇಕು. ಈ ಶೋಧಕ್ಕಾಗಿ ತಕಾಕಿ ಕಾಜಿತಾ 2015ರ ನೊಬೆಲ್ ಪ್ರಶಸ್ತಿಯನ್ನು ಆರ್ಥರ್ ಮ್ಯಾಕ್ಡೊನಾಲ್ಡ್ ಅವರೊಡನೆ ಹಂಚಿಕೊಂಡರು.

ವಿಶ್ವೋತ್ಪತ್ತಿಯ ಪ್ರಶ್ನೆ ಇಲ್ಲಿ ಮರಳಿ ಬರುತ್ತದೆ. ಆದಿವಿಶ್ವದಲ್ಲಿದ್ದಿರಬಹುದಾದ ಅತಿಭಾರದ ನ್ಯೂಟ್ರಿನೊಗಳ ಕ್ಷಯದಲ್ಲಿ ಉಂಟಾದ ಅಸಮತೆಯೇ ದ್ರವ್ಯದ ಹೆಚ್ಚಳಕ್ಕೆ ಮೂಲವಾಗಿರಬಹುದೆಂದು ಮಸತಕಾ ಫುಕುಗಿತಾ ಮತ್ತು ತ್ಸುತೊಮು ಯಾನಗಿದಾ 1986ರಲ್ಲಿ ಸೂಚಿಸಿದ್ದರು. ನ್ಯೂಟ್ರಿನೊವಿಗೆ ದ್ರವ್ಯರಾಶಿಯಿದೆಯೆಂದು ತಿಳಿದ ಮೇಲೆ ಈ ಸೂಚನೆಗೆ ತೂಕ ಬಂದಿದೆ. ಅದು ಇನ್ನೂ ಸಿದ್ಧವಾಗಿಲ್ಲ. ದ್ರವ್ಯದ ಮೂಲವನ್ನು ಪ್ರೋಟಾನಿನ ಅಳಿವಿನಲ್ಲಿ ಹುಡುಕುತ್ತಿದ್ದಾಗ ಅಡ್ಡಬರುತ್ತಿದ್ದ ಕಣದಲ್ಲಿಯೇ ಅದರ ಸುಳಿವು ಇದ್ದಿರುವ ಸಾಧ್ಯತೆಯುಂಟು. ಆ ಕಣಗಳು ನೆಲದಾಳದಲ್ಲಿ ಮೊದಲು ದಾಖಲಾದ ಎರಡು ಸ್ಥಳಗಳಲ್ಲಿ ಕೋಲಾರವೂ ಒಂದು.

ಗಣಿಗಳ ಗತಿ

ಕೋಲಾರದ ಪ್ರಯೋಗಶಾಲೆ ಗಣಿಯ ಆಶ್ರಯದಲ್ಲಿತ್ತು. ಬೋನಿನಲ್ಲಿ ಇಳಿಸುವುದು, ಗಾಳಿ ಹಾಯಿಸುವುದು, ನೀರೆತ್ತುವುದು, ಶಿಲಾಸ್ಫೋಟದ ಭಯವಿರುವ ಸುರಂಗಗಳನ್ನು ಕಾಪಾಡುವುದು ಎಲ್ಲವೂ ಗಣಿ ಕಾರ್ಮಿಕರ ದುಡಿಮೆಯಿಂದ ನಡೆಯುತ್ತಿದ್ದವು. ಚಿನ್ನ ತೆಗೆಯುವುದು ನಷ್ಟದ ಬಾಬಾದಾಗ ಆ ಆಶ್ರಯ ಕುಸಿಯಿತು. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೀರೆತ್ತುವುದು ನಿಂತ ಮೇಲೆ ಆಳದ ಮಟ್ಟಗಳು ಮುಳುಗಿದವು.

ಇತರ ಗಣಿಗಳ ಕಥೆ ಬೇರೆಯಾಯಿತು. ಕಮಿಯೊಕದಲ್ಲಿಯೂ ಅದಿರು ತೆಗೆಯುವುದು 2001ರಲ್ಲಿಯೇ ನಿಂತಿತು. ಅಲ್ಲಿನ ಪ್ರಯೋಗಶಾಲೆ ಮಾತ್ರ ಮುಂದುವರಿಯಿತು. ಬೆಟ್ಟದ ಪಕ್ಕದಿಂದ ಅಡ್ಡಲಾಗಿ ಪ್ರವೇಶಿಸುವ ಸುರಂಗವಾದ್ದರಿಂದ ಆ ಕೆಲಸ ಸುಲಭವೂ ಆಗಿತ್ತು. ಅಮೆರಿಕದ ದಕ್ಷಿಣ ಡಕೋಟದ ಹೋಂಸ್ಟೇಕ್ ಕೋಲಾರದಂತೆಯೇ ಲಂಬ ಕೂಪಗಳ ಚಿನ್ನದ ಗಣಿ. ರೇಮಂಡ್ ಡೇವಿಸ್ ಅವರ ಸೌರ ನ್ಯೂಟ್ರಿನೊ ಪ್ರಯೋಗ ನಡೆದ ಈ ಗಣಿ 2002ರಲ್ಲಿ ಕೆಲಸ ನಿಲ್ಲಿಸಿತು. 2003ರಲ್ಲಿ ಪಂಪುಗಳು ನಿಂತು ನೀರು ತುಂಬತೊಡಗಿತು. 2008ರಲ್ಲಿ ನೀರೆತ್ತುವುದು ಮತ್ತೆ ಆರಂಭವಾಗಿ, ಸುಮಾರು 1.5 ಕಿ.ಮೀ. ಆಳದಲ್ಲಿ ಪ್ರಯೋಗಶಾಲೆ ಸ್ಥಾಪನೆಗೊಂಡಿತು. ಮುಳುಗಿದ ಗಣಿಯನ್ನೂ ಮರಳಿ ಪಡೆಯಬಹುದೆಂಬುದಕ್ಕೆ ಇದು ನಿದರ್ಶನ. ಅದಕ್ಕೆ ತಗಲುವ ವೆಚ್ಚ ಅಪಾರವೆಂಬುದೂ ಅಷ್ಟೇ ನಿಜ.

ಕೋಲಾರದ ಪರಂಪರೆಯನ್ನು ಮುಂದುವರಿಸಲೆಂದು ತಮಿಳುನಾಡಿನ ಥೇಣಿ ಜಿಲ್ಲೆಯ ಬೋಡಿ ಬೆಟ್ಟದಲ್ಲಿ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯವನ್ನು ಯೋಜಿಸಲಾಯಿತು. 50,000 ಟನ್ ಕಾಂತೀಕೃತ ಕಬ್ಬಿಣದ ಈ ಯೋಜನೆಗೆ 2015ರ ಜನವರಿಯಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತರೂ, ಪರಿಸರ ಮತ್ತು ಜನಜೀವನದ ಕುರಿತ ಆಕ್ಷೇಪಗಳ ನಡುವೆ ಬೆಟ್ಟದ ಸುರಂಗದ ಕೆಲಸ ಆರಂಭವಾಗಿಲ್ಲ.

ಉಪಸಂಹಾರ

ಘರ್ಷಕವು ಶಕ್ತಿಯನ್ನು ಹೆಚ್ಚಿಸಿ ಆದಿಕಾಲದತ್ತ ಸಾಗುತ್ತದೆ. ಆಳದ ಪ್ರಯೋಗವು ಅಡಚಣೆಯನ್ನು ಕಳೆದು, ಕಾಲವನ್ನೂ ದ್ರವ್ಯವನ್ನೂ ಕೂಡಿಸಿ ಅದೇ ದಿಕ್ಕಿಗೆ ನೋಡುತ್ತದೆ. ಮೊದಲನೆಯದು ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗದವರೆಗೆ ಖಚಿತ ಜ್ಞಾನವನ್ನು ನೀಡಿದೆ. ಅದಕ್ಕೂ ಹಿಂದಿನದನ್ನು ಕುರಿತು ಮಾತನಾಡಬೇಕಾದರೆ ಎರಡನೆಯದರ ನೆರವು ಅನಿವಾರ್ಯ. ಈ ಕ್ಷೇತ್ರದಲ್ಲಿ ಕೋಲಾರದ ಕೊಡುಗೆಯನ್ನು 1965ರ ಒಂದು ಗೆಲುವಿನಿಂದ ಮಾತ್ರ ಅಳೆಯುವುದು ಸರಿಯಲ್ಲ. ಎರಡು ತಿಂಗಳ ಸೊನ್ನೆಯನ್ನು ಅರ್ಥಪೂರ್ಣವೆಂದು ಬಗೆದದ್ದು, ‘ಸಂಭಾವ್ಯ’ವೆಂಬ ಪದದೊಡನೆ ಘಟನೆಗಳನ್ನು ಲೋಕದ ಪರೀಕ್ಷೆಗೆ ಒಡ್ಡಿದ್ದು, ಆ ಪರೀಕ್ಷೆಯಲ್ಲಿ ಅವು ನಿಲ್ಲದೆಹೋದದ್ದು ಇವೆಲ್ಲವೂ ಆ ಕೊಡುಗೆಯ ಅಂಗಗಳೇ. ಪ್ರೋಟಾನು ಅಳಿಯುವುದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಇನ್ನೂ ದೊರೆತಿಲ್ಲ. ಉತ್ತರ ಬಂದ ದಿನ, ಆ ಪ್ರಶ್ನೆಯನ್ನು ಕಬ್ಬಿಣದ ತಟ್ಟೆಗಳ ನಡುವೆ ಮೊದಮೊದಲು ಇಟ್ಟು ಕಾದ ಸ್ಥಳಗಳ ಪಟ್ಟಿಯಲ್ಲಿ ನೀರಿನಡಿ ಮುಳುಗಿರುವ ಚಾಂಪಿಯನ್ ರೀಫ್‌ನ ಹೆಸರೂ ಇರಬೇಕಾಗುತ್ತದೆ.